ಸೋಸಿ ಕೊಟ್ಟ ನೀರು

ಬಾಟ್ಲಮ್ಮನಿಗೆ ಬೇರೆ ಹೆಸರೊಂದಿತ್ತು. ಅದು ಹಾಜರಿ ಪುಸ್ತಕದಲ್ಲಿತ್ತು, ಅಲ್ಲಿಯೂ ತಪ್ಪಾಗಿ ಬರೆದಿತ್ತು. ವಿಶ್ವವಿದ್ಯಾಲಯದ ನೀರಿನ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಬಾಟಲಿ ತೊಳೆದವಳನ್ನು ಜನ ಬಾಟ್ಲಮ್ಮ ಅನ್ನದೆ ಮಹಾರಾಣಿ ಅಂತಾರೆಯೇ?

ತೊಳೆಯುವ ಕೋಣೆ ಕಟ್ಟಡದ ಹಿಂದಿತ್ತು. ಕಲ್ಲಿನ ತೊಟ್ಟಿ ಒಂದು, ನಲ್ಲಿ ಎರಡು, ಕಿಟಕಿ ಅರ್ಧ. ಬೆಳಿಗ್ಗೆ ಎಂಟಕ್ಕೆ ಟ್ರೇಗಳು ಬರುತ್ತಿದ್ದವು. ಮೊದಲು ಸೋಪು. ಆಮೇಲೆ ಆಸಿಡ್ಡು. ಆಮೇಲೆ ಮೂರು ಸಲ ನೀರು. ಕೈಗವಸು ವರ್ಷಕ್ಕೊಂದು ಜೊತೆ ಕೊಡುತ್ತಿದ್ದರು, ಅದು ಎರಡು ತಿಂಗಳಿಗೆ ಹರಿಯುತ್ತಿತ್ತು. ಉಳಿದ ಹತ್ತು ತಿಂಗಳು ಬರಿಗೈ. ಅವಳ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಹಾಜರಿಗೆ ಬೆರಳಿಡುವ ಮೆಷಿನ್ನು ಬಂದಾಗ ಅದು ಹತ್ತು ಸಲ ಕೀಂಯ್ ಅಂದು ಅವಳನ್ನು ಒಪ್ಪಲಿಲ್ಲ. ಅಟೆಂಡರ್ ನಕ್ಕ. "ಮೆಷಿನ್ ಪ್ರಕಾರ ನೀವು ಇಲ್ವೇ ಇಲ್ಲ ಬಾಟ್ಲಮ್ಮಾ" ಅಂದ. ಅವಳೂ ನಕ್ಕಳು. ಹಳೆಯ ಪುಸ್ತಕವನ್ನೇ ಅವಳೊಬ್ಬಳಿಗಾಗಿ ಉಳಿಸಿಕೊಂಡರು.

ತೊಳೆದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವಳು. ಚುಕ್ಕೆ ಕಂಡರೆ ಮತ್ತೆ ಮೊದಲಿನಿಂದ. "ಬಾಟಲಿ ಕೊಳೆ ಇತ್ತು" ಅನ್ನುವ ಮಾತೊಂದಕ್ಕೆ ಅವಳು ಹೆದರುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಆ ಮಾತು ಒಂದು ಸಲವೂ ಬಂದಿರಲಿಲ್ಲ. ಅವಳು ತೊಳೆದ ಬಾಟಲಿಗಳು ಪರೀಕ್ಷೆ ಕೋಣೆಯ ಒಳಗೆ ಹೋಗುತ್ತಿದ್ದವು. ಅವಳಿಗೆ ಬಾಗಿಲ ತನಕ ಮಾತ್ರ. ಟೀ ಬಂದರೆ ಎಲ್ಲರಿಗೂ ಬಿಳಿ ಕಪ್, ಅವಳಿಗೆ ಕಿಟಕಿಕಟ್ಟೆಯ ಮೇಲಿನ ಹಿಡಿ ಮುರಿದ ಕಪ್. ಹೀಗೇ ಇರಬೇಕು ಅಂತ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಅವಳ ಬೀದಿ ಕಾಂಪೌಂಡ್ ಗೋಡೆಯ ಆಚೆಗೇ ಇತ್ತು. ಗೋಡೆಯ ಬುಡದಲ್ಲೊಂದು ತೂತು, ತೂತಿನಿಂದ ಚರಂಡಿ. ಹಾಸ್ಟೆಲಿನ ಕಕ್ಕಸಿನ ನೀರು, ಕ್ಯಾಂಟೀನಿನ ಮುಸುರೆ, ಬಾಟ್ಲಮ್ಮ ತಾನೇ ತೊಟ್ಟಿಯಲ್ಲಿ ಚೆಲ್ಲಿದ ಆಸಿಡ್ ನೀರು, ಎಲ್ಲವೂ ಅವಳಿಗಿಂತ ಮೊದಲೇ ಅವಳ ಬೀದಿ ಸೇರುತ್ತಿದ್ದವು. ಚರಂಡಿಯಿಂದ ಹತ್ತು ಹೆಜ್ಜೆಗೆ ಕೈಪಂಪು. ಅರವತ್ತು ಮನೆಗೆ ಅದೊಂದೇ. ಹೊಡೆದರೆ ಮೊದಲು ಗಾಳಿ, ಆಮೇಲೆ ಕೆಂಪು, ಆಮೇಲೆ ನೀರು ಅಂತ ಕರೆಯಬಹುದಾದ ಒಂದು ಪದಾರ್ಥ. ಮೂಗು ಮುಚ್ಚಿಕೊಂಡು ಕುಡಿಯುವುದನ್ನು ಅಲ್ಲಿನ ಮಕ್ಕಳು ಮಾತು ಕಲಿಯುವ ಮೊದಲೇ ಕಲಿಯುತ್ತಿದ್ದವು.

ಹಿಂದಿನ ವರ್ಷ ಆ ಬೀದಿಯಲ್ಲಿ ಇಬ್ಬರು ಬಸುರಿಯರು ಕಾಮಾಲೆಯಿಂದ ಸತ್ತರು. ಎರಡನೆಯವಳು ಪಕ್ಕದ ಮನೆಯ ಲಾಯರಕ್ಕನ ಸೊಸೆ. ಲಾಯರಕ್ಕ ಅಂದರೆ ಕರಿ ಕೋಟು ಹಾಕುವವಳಲ್ಲ, ಬೀದಿ ಗುಡಿಸುವವಳು. ಯಾರ ಮಾತನ್ನೂ ಎದುರು ಮಾತಿಲ್ಲದೆ ಬಿಟ್ಟವಳಲ್ಲ, ಅದಕ್ಕೇ ಆ ಹೆಸರು. "ಹಳದಿ ಕಣ್ಣು ಬಂದ ಎಂಟೇ ದಿನಕ್ಕೆ ಹೋಗ್ಬಿಟ್ಲು. ಹೊಟ್ಟೇಲಿದ್ದದ್ದೂ ಹೋಯ್ತು" ಅಂತ ಅವಳು ವಿಶ್ವವಿದ್ಯಾಲಯದ ಗೇಟಿನ ಮುಂದೆ ಕೂತಳು. ಅವಳ ಹಿಂದೆ ಇಡೀ ಬೀದಿ ಕೂತಿತು. ಮೂರನೇ ದಿನದಿಂದ ವಾರಕ್ಕೆರಡು ಸಲ ಟ್ಯಾಂಕರ್ ನೀರು ಬರತೊಡಗಿತು. ಮನೆಗೆ ನಾಲ್ಕು ಕೊಡ. ಆ ವರ್ಷ ಮತ್ತೆ ಯಾರಿಗೂ ಕಾಮಾಲೆ ಬರಲಿಲ್ಲ. ಬಾಟ್ಲಮ್ಮನ ಮಗಳು ಬಸುರಿಯಾದಾಗ ಬಾಟ್ಲಮ್ಮ ಮೊದಲು ನೆನೆಸಿಕೊಂಡದ್ದು ಆ ಟ್ಯಾಂಕರನ್ನು. ದೇವರ ನೆನಪಾದದ್ದು ಆಮೇಲೆ.

ಟ್ಯಾಂಕರಿನ ಹಿಂದೆಯೇ ಲ್ಯಾಬಿನ ಪ್ರೊಫೆಸರು ಬಂದರು. ಸಮುದಾಯ ಪಾಲುದಾರಿಕೆ ಅಂದರು. ನೀರು ಹೇಗಿದೆ ಅಂತ ಒಂದು ವರ್ಷ ನೋಡುತ್ತೇವೆ, ಆಮೇಲೆ ಶಾಶ್ವತ ಪರಿಹಾರ ಅಂದರು. ಜೊತೆಗೊಬ್ಬಳು ಸಂಶೋಧನೆ ಮಾಡುವ ಹುಡುಗಿ. ಯಾವಾಗಲೂ ಕೈಯಲ್ಲಿ ಫಾರಂ ಹಿಡಿದಿರುತ್ತಿದ್ದರಿಂದ ಬೀದಿ ಅವಳನ್ನು ಫಾರಂ ಮೇಡಂ ಅಂತ ಕರೆಯಿತು. ಒಳ್ಳೆಯ ಹುಡುಗಿ. ಮೊದಲ ದಿನ ತಾನೇ ಪಂಪು ಹೊಡೆದು ತೋರಿಸಿದಳು.

"ಹೀಗೆ ಸ್ವಲ್ಪ ಹೊತ್ತು ಹರಿಯೋಕೆ ಬಿಡಿ. ಆಮೇಲೆ ಬಾಟಲಿ ಹಿಡೀರಿ. ಮುಚ್ಚಳ ಹಾಕಿ. ಅಷ್ಟೇ. ಇದು ಅಭ್ಯಾಸಕ್ಕೆ, ಲೆಕ್ಕಕ್ಕಿಲ್ಲ."

ಬಾಟಲಿಯಲ್ಲಿ ಕೆಂಪು ರಾಡಿ ತಿರುಗುತ್ತಿತ್ತು. ಅವಳು ಅದನ್ನು ಚೆಲ್ಲಿ ಕೈ ಒರೆಸಿಕೊಂಡು ಹೋದಳು. ಹೆಂಗಸರು ಮುಖ ಮುಖ ನೋಡಿಕೊಂಡರು.

"ಪಾಪ, ಅಷ್ಟು ಓದಿದೆ ಹುಡುಗಿ. ನೀರು ಸೋಸಬೇಕು ಅಂತ ಹೇಳ್ಕೊಟ್ಟಿಲ್ಲ ನೋಡು" ಅಂದಳು ಲಾಯರಕ್ಕ. "ಅವಳಮ್ಮನ್ನ ಹಿಡ್ಕೊಂಡು ಬೈಬೇಕು."

ಎಲ್ಲರೂ ನಕ್ಕರು. ಆ ನಗುವಿನಲ್ಲೇ ಅವರ ಕುತ್ತಿಗೆಗೆ ಹಗ್ಗ ಬಿತ್ತು.

ಇದನ್ನು ತಿಳಿಯಬೇಕಾದರೆ ಆ ಬೀದಿಯವರು ಎಂಥವರು ಅಂತ ತಿಳಿಯಬೇಕು. ಊರಿನ ಕಸ ಎತ್ತುವವರು, ಕಕ್ಕಸು ತೊಳೆಯುವವರು, ಹೆಣ ಹೊರುವವರು. ಅವರ ಕೈಯಿಂದ ಊರು ಎಲ್ಲವನ್ನೂ ಮಾಡಿಸಿಕೊಳ್ಳುತ್ತದೆ, ನೀರೊಂದನ್ನು ಇಸಿದುಕೊಳ್ಳುವುದಿಲ್ಲ. ಬಾಟ್ಲಮ್ಮನ ತಾಯಿ ಒಮ್ಮೆ ದಾರಿಯಲ್ಲಿ ತಲೆ ತಿರುಗಿ ಬಿದ್ದ ಮೇಷ್ಟ್ರಿಗೆ ನೀರು ಕೊಡಲು ಹೋಗಿ ಕೈಮೇಲೆ ಹೊಡೆಸಿಕೊಂಡಿದ್ದಳು. ಬಿದ್ದವನೇ ಹೊಡೆದದ್ದು. ಆದರೂ ಪ್ರತಿ ಮನೆಯಲ್ಲಿ ಒಂದು ಸಣ್ಣ ಕೊಡ ಬೇರೆ ಇರುತ್ತಿತ್ತು. ಯಾರಾದರೂ ಬಂದು ಕೇಳಿದರೆ ಕೊಡಲಿಕ್ಕೆ. ಮನೆಯವರು ಪಂಪಿನದನ್ನು ಹಾಗೇ ಕುಡಿದರೂ ಆ ಕೊಡದ ನೀರನ್ನು ಸೋಸಿ ಕಾಯಿಸಿಯೇ ಇಡುತ್ತಿದ್ದರು. ಕೇಳುವವರು ಬರುತ್ತಿರಲಿಲ್ಲ. ಈಗ ಬಂದಿದ್ದರು. ಪ್ರೊಫೆಸರಂಥ ಪ್ರೊಫೆಸರು ಬಾಗಿಲಿಗೆ ಬಂದು, ನಿಮ್ಮ ಕೈಯಿಂದ ನೀರು ಕೊಡಿ ಅಂದಿದ್ದರು. ರಾಡಿ ಕೊಡಲು ಮನಸ್ಸು ಬರುತ್ತದೆಯೇ?

ಬಾಟ್ಲಮ್ಮನಿಗೆ ಇನ್ನೂ ಒಂದು ಕಾರಣವಿತ್ತು. ತಾನು ತೊಳೆದ ಬಾಟಲಿಯೊಳಗೆ ಕೆಸರು ಹೋಗುವುದನ್ನು ಅವಳ ಕಣ್ಣು ಒಪ್ಪಲಿಲ್ಲ.

ಭಾನುವಾರ ಬೆಳಿಗ್ಗೆ ಎರಡು ಕೊಡ ಪಂಪಿನ ನೀರು ತಂದು ನಿಲ್ಲಿಸುವುದು. ಅರವತ್ತು ಸಲ ಹೊಡೆದರೆ ಒಂದು ಕೊಡ. ಸಂಜೆಯ ಹೊತ್ತಿಗೆ ಕೆಂಪು ತಳಕ್ಕೆ ಇಳಿಯುತ್ತಿತ್ತು. ಅಲುಗಿಸದೆ ಮೇಲಿನ ನೀರನ್ನಷ್ಟೇ ಮೊಗೆದು, ಹಳೆಯ ಮೆತ್ತನೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸುವುದು. ಬಟ್ಟೆ ಒಗೆದು ಮತ್ತೆ ಸೋಸುವುದು. ಕುದಿಸುವುದು. ಆರಿಸುವುದು. ಎರಡು ಕೊಡಕ್ಕೆ ಕೊನೆಗೆ ಒಂದು ಬಾಟಲಿ ಒಪ್ಪುವಂಥ ನೀರು. ಪಂಪಿನ ನೀರು ಕೇಳಿದ್ದರು, ಪಂಪಿನದನ್ನೇ ಕೊಟ್ಟರು. ಟ್ಯಾಂಕರಿನದನ್ನು ಒಂದು ಹನಿ ಬೆರೆಸಲಿಲ್ಲ. ಅಷ್ಟು ನಿಯತ್ತು.

ಫಾರಂ ಮೇಡಂ ಮೂರು ವಾರ ಬಂದಳು, ಬಾಟಲಿ ತುಂಬಿ ಸಿದ್ಧವಾಗಿರುತ್ತಿತ್ತು. "ಎಷ್ಟು ಶಿಸ್ತು! ಹೇಳಿದ ಹಾಗೇ ಚೆನ್ನಾಗಿ ಹರಿಯೋಕೆ ಬಿಟ್ಟು ಹಿಡಿದಿದ್ದೀರಿ" ಅಂದಳು. ಆಮೇಲೆ, "ನೀವೂ ಸಂಶೋಧಕರೇ ಈಗ, ನೀವೇ ತಂದುಕೊಡಿ" ಅಂದಳು. ಬೀದಿಯ ಬಾಟಲಿಗೆ ಗುರುತಿಗೆ ನೀಲಿ ಪಟ್ಟಿ ಸುತ್ತಿದ್ದರು. ಬಾಟ್ಲಮ್ಮ ಸೋಮವಾರ ಕೆಲಸಕ್ಕೆ ಹೋಗುವಾಗ ಅದನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋಗುವಳು. ಪರೀಕ್ಷೆ ಕೋಣೆಯ ಬಾಗಿಲಲ್ಲಿ ನಿಂತು ಕೊಡುವಳು. ಹನ್ನೊಂದು ತಿಂಗಳು ಒಂದು ವಾರವೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ತಪ್ಪಿಸಲಿಲ್ಲ.

ವರದಿ ಬಿಡುಗಡೆಗೆ ದೊಡ್ಡ ಸಭಾಂಗಣ. ಬೀದಿಯ ಹೆಂಗಸರನ್ನು ಮೊದಲ ಸಾಲಿನಲ್ಲಿ ಕೂರಿಸಿ ಫೋಟೋ ತೆಗೆದರು. ಅಧಿಕಾರಿಗಳು ಬಂದ ಮೇಲೆ ಎಬ್ಬಿಸಿ ಹಿಂದಿನ ಸಾಲಿಗೆ ಕಳಿಸಿದರು. ಬಾಟ್ಲಮ್ಮನ ಮಗಳಿಗೆ ಆಗ ಐದು ತಿಂಗಳು. ಎದ್ದು ಕೂತು ಮಾಡಿ ಅವಳಿಗೆ ಏದುಸಿರು ಬಂದಿತ್ತು. ವೇದಿಕೆಯ ಮೇಜಿನ ಮೇಲೆ ಸೀಲ್ ಹಾಕಿದ ನೀರಿನ ಬಾಟಲಿಗಳು ಸಾಲಾಗಿ ನಿಂತಿದ್ದವು. ವರದಿಯ ಪುಸ್ತಕದ ಮುಖಪುಟದಲ್ಲಿ ಒಂದು ಕೈ ತಿಳಿನೀರಿನ ಬಾಟಲಿ ಹಿಡಿದಿತ್ತು.

"ಅವ್ವಾ, ನಿನ್ನ ಕೈ!" ಅಂದಳು ಮಗಳು. ಬಾಟ್ಲಮ್ಮನಿಗೆ ಹೆಮ್ಮೆಯಾಯಿತು. ಯಾಕೆ ಸುಳ್ಳು ಹೇಳಬೇಕು, ನಿಜಕ್ಕೂ ಆಯಿತು.

ಪ್ರೊಫೆಸರು ಮಾತಾಡಿದರು. "ಹನ್ನೊಂದು ತಿಂಗಳ ಪರೀಕ್ಷೆಯ ಪ್ರಕಾರ ಈ ಬೀದಿಯ ನೀರು ಕುಡಿಯೋಕೆ ಯೋಗ್ಯವಾಗಿದೆ. ಕಳೆದ ವರ್ಷದ ಸಾವುಗಳಿಗೂ ಈ ನೀರಿಗೂ ಸಂಬಂಧ ಇದೆ ಅನ್ನೋದಕ್ಕೆ ಆಧಾರ ಸಿಕ್ಕಿಲ್ಲ. ಟ್ಯಾಂಕರನ್ನ ಹೆಚ್ಚು ಅಗತ್ಯ ಇರೋ ಕಡೆಗೆ ಕಳಿಸಬಹುದು."

ಚಪ್ಪಾಳೆ ಬಿತ್ತು. ಲಾಯರಕ್ಕ ಬಾಟ್ಲಮ್ಮನ ತೋಳು ಹಿಂಡಿದಳು. "ಹಂಗಾದ್ರೆ ನನ್ನ ಸೊಸೆ ಏನು ಕುಡಿದು ಸತ್ಲು?"

ಬಾಟ್ಲಮ್ಮನಿಗೆ ಈಗ ಅರ್ಥವಾಯಿತು. ಅವರು ಕೇಳಿದ್ದು ನೀರನ್ನಲ್ಲ, ಕೊಳೆಯನ್ನು. ಆ ಕೊಳೆಯನ್ನು ತನ್ನ ಕೈಯಾರೆ ಬಟ್ಟೆಯಲ್ಲಿ ಹಿಡಿದು, ಒಗೆದು, ಚರಂಡಿಗೆ ಚೆಲ್ಲಿದ್ದಳು. ಅಷ್ಟರಲ್ಲಿ ಅವಳನ್ನು ವೇದಿಕೆಗೆ ಕರೆದರು. ಪ್ರಮಾಣಪತ್ರ ಕೊಡುವ ಮೊದಲು ಎರಡು ಮಾತಾಡಿ ಅಂತ ಮೈಕು ಕೊಟ್ಟರು.

"ಸ್ವಾಮಿ, ಆ ನೀರು ಹಂಗಿಲ್ಲ" ಅಂದಳು. ತನ್ನ ದನಿ ಅಷ್ಟು ದೊಡ್ಡದಾಗಿ ಕೇಳಿ ಅವಳೇ ಬೆಚ್ಚಿದಳು. "ನಾವು ಸೋಸಿ ಕೊಟ್ವಿ. ನಿಲ್ಲಿಸಿ, ಎರಡು ಸಲ ಸೋಸಿ, ಕಾಯಿಸಿ ಕೊಟ್ವಿ. ಪಂಪಿನ ನೀರು ರಾಡಿ. ಅದನ್ನ ನೀವು ನೋಡೇ ಇಲ್ಲ. ತಪ್ಪು ನಮ್ಮದು. ಟ್ಯಾಂಕರ್ ನಿಲ್ಲಿಸ್ಬೇಡಿ. ನನ್ನ ಮಗಳು ಬಸುರಿ."

ಫಾರಂ ಮೇಡಂ ಮುಖ ಬಿಳಿಚಿಕೊಂಡಿತು. ಪ್ರೊಫೆಸರು ನಿಧಾನವಾಗಿ ಎದ್ದು, ನಗುತ್ತಾ, ಮೈಕು ಇಸಿದುಕೊಂಡರು.

"ಕೇಳಿದಿರಾ? ಇದೇ ಸಮುದಾಯದ ಜ್ಞಾನ! ಯಾವ ಯಂತ್ರ ಇಲ್ಲ, ಒಂದು ಬಟ್ಟೆ, ಒಂದು ಒಲೆ. ತಮ್ಮ ನೀರನ್ನ ತಾವೇ ಶುದ್ಧ ಮಾಡ್ಕೊಳ್ತಿದ್ದಾರೆ. ಇವರಿಂದ ನಾವು ಕಲೀಬೇಕು."

ಚಪ್ಪಾಳೆ ಮೊದಲಿಗಿಂತ ಜೋರಾಗಿತ್ತು. ಅಧಿಕಾರಿಯೊಬ್ಬರು ತಲೆದೂಗಿ ಏನೋ ಬರೆದುಕೊಂಡರು. ಬಾಟ್ಲಮ್ಮ "ಎಲ್ಲಾ ನೀರು ಹಂಗೆ ಮಾಡಕ್ಕಾಗಲ್ಲ ಸ್ವಾಮಿ, ಒಂದು ಬಾಟಲಿಗೆ ಒಂದು ದಿನ ಬೇಕು" ಅಂದಳು. ಮೈಕು ಅವಳ ಕೈಯಲ್ಲಿರಲಿಲ್ಲ. ಬಾಯಿ ಆಡಿದ್ದು ಮಾತ್ರ ಕಂಡಿತು. ಗಾಜಿನ ಚೌಕಟ್ಟಿನ ಪ್ರಮಾಣಪತ್ರವನ್ನು ಕೈಗಿಟ್ಟು, ತೋಳು ಹಿಡಿದು ಕ್ಯಾಮೆರಾದ ಕಡೆ ತಿರುಗಿಸಿದರು.

ಮುಂದಿನ ವಾರವೇ ಟ್ಯಾಂಕರ್ ನಿಂತಿತು. ಬೀದಿ ಮತ್ತೆ ಗೇಟಿನ ಮುಂದೆ ಕೂತಿತು. ಗೇಟಿನವನು ಒಳಗಿಂದ ಪುಸ್ತಕ ತಂದು ತೋರಿಸಿದ. "ನಿಮ್ಮವರೇ ಪರೀಕ್ಷೆ ಮಾಡಿರೋದು. ನಿಮ್ಮ ಫೋಟೋನೇ ಇದೆ. ಯಾರ ಮೇಲೆ ಗಲಾಟೆ ಮಾಡ್ತೀರಿ?" ಅಂದ. ಲಾಯರಕ್ಕ ಪುಸ್ತಕ ಇಸಿದುಕೊಂಡು ಫೋಟೋ ನೋಡಿ ಹಿಂದಕ್ಕೆ ಕೊಟ್ಟಳು. ಅವಳು ವಾದದಲ್ಲಿ ಸೋತದ್ದನ್ನು ಬೀದಿ ಅವತ್ತು ಮೊದಲ ಸಲ ಕಂಡಿತು. ಬಾಟ್ಲಮ್ಮ ಅವಳ ಮುಖ ನೋಡಲಾರದೆ ನೆಲ ನೋಡಿದಳು. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಂಡಿದ್ದರು. ಆ ಕಲ್ಲನ್ನು ಹನ್ನೊಂದು ತಿಂಗಳು ಹೊತ್ತು ತಂದವಳು ಅವಳೇ.

ಆ ವಾರ ಫಾರಂ ಮೇಡಂ ತೊಳೆಯುವ ಕೋಣೆಗೆ ಬಂದಳು. ಅಲ್ಲಿಗೆ ಅವಳು ಕಾಲಿಟ್ಟದ್ದು ಅದೇ ಮೊದಲು.

"ಮೊದಲೇ ಯಾಕೆ ಹೇಳಲಿಲ್ಲ ಬಾಟ್ಲಮ್ಮಾ?"

"ನೀವು ಕೇಳ್ಲಿಲ್ಲ ಮೇಡಂ. ಫಾರಂನಲ್ಲಿ ಎಲ್ಲಾ ಕೇಳಿದ್ರಿ. ಮನೇಲಿ ಎಷ್ಟು ಜನ, ಎಷ್ಟು ಓದಿದ್ದೀರಿ, ಕಕ್ಕಸಿಗೆ ಎಲ್ಲಿ ಹೋಗ್ತೀರಿ. ಇದನ್ನ ಕೇಳ್ಲಿಲ್ಲ."

ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. "ನನ್ನ ಡಿಗ್ರಿನೇ ಇದರ ಮೇಲೆ ನಿಂತಿದೆ. ಸರ್ ಕೇಳಲ್ಲ." ಆಮೇಲೆ ಚೀಲದಿಂದ ನೀಲಿ ಪಟ್ಟಿಯ ಬಾಟಲಿಯೊಂದನ್ನು ತೆಗೆದು ಕೊಟ್ಟಳು. "ಒಂದೇ ಒಂದು ಸಲ. ಸೋಸಬೇಡಿ, ಕಾಯಿಸಬೇಡಿ. ಪಂಪಿಂದ ನೇರ ತುಂಬ್ಕೊಂಡು ಬನ್ನಿ. ನಾನು ಒಳಗೆ ಇಡ್ತೀನಿ."

ಬಾಟ್ಲಮ್ಮ ಆ ಬಾಟಲಿಯನ್ನು ಎರಡು ಸಲ ಆಸಿಡ್ಡಿನಲ್ಲಿ ತೊಳೆದಳು. ಬೆಳಕಿಗೆ ಹಿಡಿದು ನೋಡಿದಳು. ಪಂಪಿನ ಬಾಯಿಗೆ ಹಿಡಿದಾಗ ಅವಳಿಗೆ ನಾಚಿಕೆಯಾಯಿತು, ತನ್ನ ಮನೆಯ ಹಾಸಿಗೆ ಹೊಲಸನ್ನು ಬೀದಿಗೆ ಹರಡಿದ ಹಾಗೆ. ತುಂಬಿದಳು. ಕೊಟ್ಟಳು. ಕಾದಳು.

ಮನೆಯಲ್ಲಿ ಮಗಳಿಗೆಂದು ದಿನಕ್ಕೆ ಒಂದು ತಂಬಿಗೆ ನೀರು ಸೋಸಿ ಕಾಯಿಸಿ ಇಡುತ್ತಿದ್ದಳು. ಎರಡನೇ ತಂಬಿಗೆಗೆ ಹೊತ್ತಿರಲಿಲ್ಲ, ಉರುವಲೂ ಇರಲಿಲ್ಲ. ಪಾತ್ರೆ ತೊಳೆಯಲು ಪಂಪಿನ ನೀರೇ. ಬಾಯಿ ಮುಕ್ಕಳಿಸಲು ಪಂಪಿನ ನೀರೇ. ಮಗಳು ಕೆಲಸ ಮುಗಿಸಿ ಬಿಸಿಲಲ್ಲಿ ಬಂದವಳು ಬಾಯಾರಿ ಎಷ್ಟು ಸಲ ಪಂಪಿಗೇ ಬೊಗಸೆ ಒಡ್ಡಿದಳೋ ಯಾರು ನೋಡಿದ್ದಾರೆ? ಏಳು ತಿಂಗಳ ಹೊಟ್ಟೆ, ತಂಬಿಗೆ ಲೆಕ್ಕ ಕೇಳುತ್ತದೆಯೇ? ಬಾಟ್ಲಮ್ಮ ದಿನವೂ ಬೆಳಿಗ್ಗೆ ಮಗಳ ಗಲ್ಲ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿ ಕಣ್ಣು ನೋಡುತ್ತಿದ್ದಳು. "ನಾನೇನು ನಿನ್ನ ಬಾಟ್ಲಿನಾ?" ಅಂತ ಮಗಳು ಕೈ ಕೊಡವಿಕೊಳ್ಳುತ್ತಿದ್ದಳು.

ಬಾಟಲಿ ಕೊಟ್ಟ ಆರನೇ ವಾರ, ಸೋಮವಾರ, ಬೆಳಿಗ್ಗೆಯ ಟ್ರೇಯಲ್ಲಿ ನೀಲಿ ಪಟ್ಟಿಯ ಬಾಟಲಿ ಬಂತು. ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ತಳದಲ್ಲಿ ಒಂದು ಬೆರಳು ಕೆಂಪು ಕೆಸರು.

"ಚೆಲ್ಲಿ ತೊಳೀರಿ" ಅಂದ ಅಟೆಂಡರ್.

"ಪರೀಕ್ಷೆ ಆಯ್ತಾ?"

"ಆಯ್ತು. ಕ್ಯಾನ್ಸಲ್ಲು. ಸರ್ ನಿಮ್ಮನ್ನ ಕರೀತಿದ್ದಾರೆ, ಏನೋ ಬರೆಸ್ಕೋಬೇಕಂತೆ."

ಅವಳು ಬಾಟಲಿ ಎತ್ತಿಕೊಂಡು ಹೋದಳು. ಪರೀಕ್ಷೆ ಕೋಣೆಯ ಹೊಸ್ತಿಲಲ್ಲಿ ಕಾಲು ತಾನಾಗಿ ನಿಂತಿತು. ದಾಟಿದಳು. ಬಿಳಿ ನೆಲದ ಮೇಲೆ ಅವಳ ಒದ್ದೆ ಹೆಜ್ಜೆ ಮೂಡಿದವು. ಪ್ರೊಫೆಸರು ಹೆಜ್ಜೆಗಳನ್ನು ನೋಡಿದರು, ಕಾಗದವೊಂದನ್ನು ಅವಳ ಮುಂದಿಟ್ಟರು. ಕೆಟ್ಟ ಮನುಷ್ಯ ಅನ್ನುವ ಹಾಗಿರಲಿಲ್ಲ. ಮೆತ್ತಗೆ ಮಾತಾಡುವವರು. ಫಾರಂ ಮೇಡಂ ಮೂಲೆಯಲ್ಲಿ ಕಂಪ್ಯೂಟರಿಗೆ ಮುಖ ಹಾಕಿ ಕೂತಿದ್ದಳು.

"ನೋಡಮ್ಮಾ, ಹನ್ನೊಂದು ತಿಂಗಳ ನೀರು ಒಂದು ಹೇಳುತ್ತೆ. ಇದೊಂದು ಬಾಟಲಿ ಬೇರೆ ಹೇಳುತ್ತೆ. ಇದರಲ್ಲಿ ಮಲದ ಕ್ರಿಮಿ ತುಂಬಿದೆ. ಒಂದಕ್ಕಾಗಿ ಅಷ್ಟನ್ನೂ ಬಿಡೋಕಾಗಲ್ಲ. ವರದಿ ಮೇಲೆ ಹೋಗಿಯಾಗಿದೆ. ಇದಕ್ಕೊಂದು ಕಾರಣ ಬರೀಬೇಕು. ಬಾಟಲಿ ಸರಿಯಾಗಿ ತೊಳೆದಿರಲಿಲ್ಲ ಅಂತ ಬರೆದಿದ್ದೀವಿ. ನಿಮಗೇನೂ ತೊಂದರೆ ಆಗಲ್ಲ. ಇಲ್ಲಿ ಹೆಬ್ಬೆಟ್ಟು ಒತ್ತಿ."

ಬಾಟ್ಲಮ್ಮನಿಗೆ ಅಳು ಬರಬೇಕಿತ್ತು. ಸಿಟ್ಟು ಬಂತು. ಹತ್ತೊಂಬತ್ತು ವರ್ಷದ್ದು ಒಟ್ಟಿಗೇ ಬಂತು.

"ಬಾಟ್ಲಿ ಕೊಳೆ ಇರಲಿಲ್ಲ."

"ಅಮ್ಮಾ, ಇದು ಬರೀ ಒಂದು..."

"ಬಾಟ್ಲಿ ಕೊಳೆ ಇರಲಿಲ್ಲ ಸ್ವಾಮಿ! ನೀರು ಕೊಳೆ. ನಿಮ್ಮ ಹಾಸ್ಟೆಲಿನ ಕಕ್ಕಸು ಅದು. ಗೋಡೆ ತೂತಿಂದ ನಮ್ಮ ಪಂಪಿಗೆ ಬರುತ್ತೆ. ಅದನ್ನ ಬರೀರಿ, ಒತ್ತುತೀನಿ." ಹೆಬ್ಬೆರಳನ್ನು ಅವರ ಮುಖದ ಮುಂದೆ ಹಿಡಿದಳು. "ಇಲ್ಲಿ ಗೆರೆ ಎಲ್ಲಿದೆ ತೋರಿಸಿ. ಏನಂತ ಒತ್ತಲಿ? ನಿಮ್ಮ ಬಾಟ್ಲಿ ತೊಳೆದೂ ತೊಳೆದೂ ಹೋಗಿರೋದು ಇದು. ತೊಳೆದಿಲ್ಲ ಅಂತ ಇದೇ ಬೆರಳಲ್ಲಿ ಹೇಳ್ಲಾ?"

ಅವರು ಕಾಗದವನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. "ಇವತ್ತು ಮನೆಗೆ ಹೋಗಿ. ಸಮಾಧಾನ ಆದ ಮೇಲೆ ಬನ್ನಿ. ಆ ಬಾಟಲಿ ಇಟ್ಟು ಹೋಗಿ."

"ಇದನ್ನ ನಾನು ತೊಳೆಯಲ್ಲ" ಅಂದಳು. "ಬೇರೆಯವರಿಗೂ ತೊಳೆಯೋಕೆ ಕೊಡಲ್ಲ."

ಫಾರಂ ಮೇಡಂ ತಿರುಗಿ ನೋಡಲಿಲ್ಲ. ಅವಳ ಭುಜ ಅಲುಗುತ್ತಿತ್ತು. ಅಲುಗಿದರೆ ಯಾರಿಗೆ ಬಂದ ಭಾಗ್ಯ? ಬಾಟ್ಲಮ್ಮ ಹೊರಬಂದಾಗ ಅಟೆಂಡರ್ ಆಗಲೇ ಬಟ್ಟೆಕೋಲು ತಂದು ಅವಳ ಹೆಜ್ಜೆ ಒರೆಸುತ್ತಿದ್ದ. ಕಾರಣದ ಕಾಗದಕ್ಕೆ ಅವನೇ ಸಾಕ್ಷಿ ಹಾಕಿದನಂತೆ. ಅದು ಅವಳಿಗೆ ಆಮೇಲೆ ಗೊತ್ತಾಯಿತು. ಹೆಬ್ಬೆಟ್ಟು ಇಲ್ಲದೆಯೂ ಕೆಲಸ ನಡೆಯುತ್ತಿತ್ತು.

ಗೋಡೆ ಸುತ್ತಿ ಮನೆಗೆ ಬಂದಾಗ ಬಾಗಿಲಲ್ಲಿ ಲಾಯರಕ್ಕ ನಿಂತಿದ್ದಳು. ಬಾಟ್ಲಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಮಗಳು ಚಾಪೆಯ ಮೇಲೆ ಮಲಗಿದ್ದಳು. ಬೆಳಿಗ್ಗೆ ಹೊತ್ತಾಯಿತೆಂದು ಬಾಟ್ಲಮ್ಮ ಅವಳ ಕಣ್ಣು ನೋಡದೆ ಹೋಗಿದ್ದಳು. ಈಗ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಮಗಳು ಕೈ ಕೊಡವಿಕೊಳ್ಳಲಿಲ್ಲ. ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ. ಬೀದಿಗೆ ಎರಡು ಸಲ ಬಂದು ಹೋದ ಬಣ್ಣ ಅದು.

"ಆಟೋ ಹಿಡ್ಕೊಂಡು ಬರ್ತೀನಿ. ಆಸ್ಪತ್ರೆಗೆ ಹೋಗೋಣ" ಅಂತ ಲಾಯರಕ್ಕ ಓಡಿದಳು. ಆ ಬೀದಿಯೊಳಗೆ ಕಾಲಿಡಲು ಯಾವ ಆಟೋದವನೂ ಒಪ್ಪುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆದರೂ ಓಡಿದಳು.

"ಅವ್ವಾ, ಬಾಯಿ ಒಣಗ್ತಿದೆ. ಒಂದು ಗುಟುಕು ನೀರು ಕೊಡು."

ಕಾಯಿಸಿದ ತಂಬಿಗೆ ಬರಿದಾಗಿತ್ತು. ಕುಡಿದದ್ದನ್ನೆಲ್ಲ ಮಗಳು ಬೆಳಿಗ್ಗೆಯಿಂದ ವಾಂತಿ ಮಾಡಿಕೊಂಡಿದ್ದಳು. ಮೂಲೆಯಲ್ಲಿ ಮುಂಜಾನೆ ತುಂಬಿಟ್ಟ ಕೊಡವಿತ್ತು. ಬಾಟ್ಲಮ್ಮ ಬಗ್ಗಿ ನೋಡಿದಳು. ಕೆಂಪು ಇನ್ನೂ ಅರ್ಧಕ್ಕೂ ಇಳಿದಿರಲಿಲ್ಲ. ಅಕ್ಕಪಕ್ಕದಲ್ಲಿ ಕೇಳಿದಳು. ಕೇಳಿದವರಿಗೆ ಕೊಡುವ ಸಣ್ಣ ಕೊಡಗಳನ್ನು ಬೀದಿ ಟ್ಯಾಂಕರ್ ನಿಂತ ವಾರವೇ ಖಾಲಿ ಮಾಡಿತ್ತು. ಮನೆಯಲ್ಲಿ ಇದ್ದದ್ದು ಅವಳು ಎತ್ತಿಕೊಂಡು ಬಂದ ನೀಲಿ ಪಟ್ಟಿಯ ಬಾಟಲಿ ಒಂದೇ. ಅದನ್ನು ಬೆನ್ನ ಹಿಂದೆ ಇಟ್ಟಳು.

"ತಡಿ ಮಗಳೇ. ಸೋಸ್ತೀನಿ. ಕಾಯಿಸ್ತೀನಿ. ಸ್ವಲ್ಪ ಹೊತ್ತು."

ಮಗಳು ಕಣ್ಣು ಮುಚ್ಚಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಅವರಿಗಾದ್ರೆ ಒಂದು ವಾರನೂ ತಪ್ಪಿಸದೆ ಕೊಟ್ಟೆಯಲ್ಲವ್ವಾ" ಅಂದಳು.

ಬಾಟ್ಲಮ್ಮ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಪಾತ್ರೆಯ ಬಾಯಿಗೆ ಕಟ್ಟಿದಳು. ಕೊಡದ ನೀರು ಸುರಿದಳು. ಒಲೆಗೆ ಕಡ್ಡಿ ಗೀರಿದಳು, ಆರಿಹೋಯಿತು. ಇನ್ನೊಂದು ಗೀರಿದಳು.